ವೇಗದಲ್ಲಿ ಸ್ಟೀರಿಂಗ್ ನಡುಗುತ್ತಿದೆಯಾ? ಏನನ್ನೂ ಬಿಚ್ಚುವ ಮೊದಲು ಹೀಗೆ ಪತ್ತೆ ಹಚ್ಚಿ

60ರವರೆಗೆ ಕಾರು ನೀರಿನ ಹಾಗೆ ಓಡುತ್ತದೆ. 80 ದಾಟುತ್ತಿದ್ದಂತೆ ಸ್ಟೀರಿಂಗ್ ಸಣ್ಣಗೆ ಅದುರಲು ಶುರುವಾಗುತ್ತದೆ. 100ಕ್ಕೆ ಬಂದಾಗ ಅಂಗೈ ಜುಮ್ಮೆನ್ನುತ್ತದೆ. ಇನ್ನೂ ಸ್ವಲ್ಪ ವೇಗ ಏರಿಸಿದರೆ ಕೆಲವು ಕಾರುಗಳಲ್ಲಿ ಅದು ತಾನಾಗಿಯೇ ಕಡಿಮೆಯೂ ಆಗುತ್ತದೆ. ಹೆದ್ದಾರಿಯಲ್ಲಿ ಜಾಸ್ತಿ ಓಡಾಡುವವರಿಗೆ ಇದು ಗೊತ್ತಿರುವ ಕಾಟವೇ.

ಗ್ಯಾರೇಜಿಗೆ ಹೋಗಿ ಸುಮ್ನೆ "ಸ್ಟೀರಿಂಗ್ ನಡುಗುತ್ತೆ" ಎಂದಷ್ಟೇ ಹೇಳಿದರೆ ಅಂದಾಜಿನ ಮೇಲೆ ಕೆಲಸ ಶುರುವಾಗುತ್ತದೆ. ನನ್ನ ಕಾರಿಗೆ ಹಾಗೇ ಆಯಿತು. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆ. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡನ್ನು ಎರಡೂ ಕಡೆ ಬದಲಾಯಿಸಿದರು. ನಡುಕ ಇದ್ದ ಹಾಗೇ ಇತ್ತು. ಕೊನೆಗೆ ಸಿಕ್ಕ ಕಾರಣವನ್ನು ಮುಂದೆ ಹೇಳುತ್ತೇನೆ. ಆವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಯಾವ ಭಾಗ ಕೆಟ್ಟಿದೆ ಎಂದು ಹುಡುಕಲು ಹೋಗುವ ಮೊದಲು, ಕಾರು ಯಾವಾಗ ನಡುಗುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳುವುದು. "ಯಾವಾಗ" ಗೊತ್ತಾದರೆ "ಎಲ್ಲಿ" ಎಂಬುದು ಅರ್ಧ ಗೊತ್ತಾದ ಹಾಗೆ.

ಮೊದಲು ಒಂದು ಎಚ್ಚರಿಕೆ

ನಿನ್ನೆವರೆಗೆ ಇಲ್ಲದ ನಡುಕ ಇವತ್ತು ದಾರಿಯಲ್ಲಿ ಇದ್ದಕ್ಕಿದ್ದಂತೆ ಬಂದಿದೆಯೇ? ಹೋಗ್ತಾ ಹೋಗ್ತಾ ಜಾಸ್ತಿಯಾಗುತ್ತಿದೆಯೇ? ವೇಗ ಇಳಿಸಿದರೂ ಕಾರು ಓಲಾಡುತ್ತಿದೆಯೇ? ಹಾಗಿದ್ದರೆ ಪರೀಕ್ಷೆ ಮಾಡುತ್ತಾ ಕೂರಬೇಡಿ. ಬ್ರೇಕನ್ನು ಜೋರಾಗಿ ತುಳಿಯದೆ ನಿಧಾನವಾಗಿ ಪಕ್ಕಕ್ಕೆ ನಿಲ್ಲಿಸಿ. ಚಕ್ರದ ನಟ್ ಸಡಿಲವಾಗಿರಬಹುದು, ಇಲ್ಲವೇ ಟೈರಿನ ಒಳಪದರ ಬಿಟ್ಟುಕೊಳ್ಳುತ್ತಿರಬಹುದು. ಎರಡರಲ್ಲಿ ಯಾವುದಾದರೂ ಮುಂದಿನ ಕೆಲವೇ ಕಿಲೋಮೀಟರಿನಲ್ಲಿ ದೊಡ್ಡ ಅನಾಹುತ ಆಗಬಹುದು. ಮುಖ್ಯವಾಗಿ, ಚಕ್ರ ಬಿಚ್ಚಿ ಹಾಕಿದ ಒಂದೆರಡು ದಿನದಲ್ಲೇ ನಡುಕ ಬಂದರೆ ಮೊದಲು ನೋಡಬೇಕಾದದ್ದು ನಟ್‌ಗಳನ್ನೇ.

ವೇಗ ಏರಿದಾಗ ಮಾತ್ರ ಯಾಕೆ?

ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಸಾಧಾರಣ ಗಾತ್ರದ ಕಾರಿನ ಚಕ್ರ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 14–15 ಸುತ್ತು ತಿರುಗುತ್ತದೆ. 14 ಇಂಚಿನ ರಿಮ್ಮಿನ ಅಂಚಿನಲ್ಲಿ ಒಂದು ಕಡೆ 20 ಗ್ರಾಂ ತೂಕ ಹೆಚ್ಚಿದೆ ಎಂದುಕೊಳ್ಳಿ. ಆ ವೇಗದಲ್ಲಿ ಆ 20 ಗ್ರಾಂ ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 3 ಕೆ.ಜಿ. ತೂಕದಷ್ಟಾಗುತ್ತದೆ. ಅದೂ ಸೆಕೆಂಡಿಗೆ 14 ಸಲ, ಒಮ್ಮೆ ಮೇಲೆ, ಒಮ್ಮೆ ಮುಂದೆ, ಒಮ್ಮೆ ಕೆಳಗೆ. 50ರ ವೇಗದಲ್ಲಿ ಈ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. ಅದಕ್ಕೇ ನಿಧಾನಕ್ಕೆ ಹೋಗುವಾಗ ಇದೇ ತೊಂದರೆ ಇದ್ದರೂ ಕೈಗೆ ತಿಳಿಯುವುದಿಲ್ಲ.

ಇನ್ನೊಂದು ವಿಷಯವೂ ಇದೆ. ಚಕ್ರ, ಸಸ್ಪೆನ್ಶನ್, ಸ್ಟೀರಿಂಗ್ ಎಲ್ಲ ಸೇರಿ ತಮ್ಮದೇ ಒಂದು ಲಯದಲ್ಲಿ ಅಲ್ಲಾಡುತ್ತವೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಬೆರಳಲ್ಲೇ ಎತ್ತರಕ್ಕೆ ಹೋಗುತ್ತದಲ್ವಾ, ಹಾಗೆಯೇ ಇದು. ಚಕ್ರದ ಸುತ್ತು ಆ ಲಯಕ್ಕೆ ಕೂಡಿಬಂದ ವೇಗದಲ್ಲಿ ನಡುಕ ಜೋರಾಗುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು 80ರಿಂದ 110ರ ನಡುವೆ ಎಲ್ಲೋ ಬೀಳುತ್ತದೆ. ಆ ವೇಗ ದಾಟಿದ ಮೇಲೆ ಕಡಿಮೆಯಾದರೆ ತೊಂದರೆ ಹೋಯಿತು ಎಂದಲ್ಲ, ಲಯ ತಪ್ಪಿತು ಅಷ್ಟೇ.

ಹಂತ 1: ಕಿವಿ, ಕೈ, ಬೆನ್ನು ಇಟ್ಟು ಒಂದು ಸುತ್ತು ಓಡಿಸಿ

ನೇರವಾದ, ನಯವಾದ, ವಾಹನ ಕಡಿಮೆ ಇರುವ ರಸ್ತೆ ಆರಿಸಿ. ಹೊರಡುವ ಮೊದಲು ನಾಲ್ಕೂ ಟೈರಿಗೆ ಗಾಳಿ ಸರಿ ಮಾಡಿಕೊಳ್ಳಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ನೀವು ಹೇಳಿದ್ದನ್ನು ಅವರು ಬರೆದುಕೊಳ್ಳಲಿ. ಓಡಿಸುತ್ತಾ ನೀವೇ ಬರೆಯುವ ಸಾಹಸ ಬೇಡ. ಆ ರಸ್ತೆಯ ವೇಗಮಿತಿ ದಾಟುವ ಅಗತ್ಯವೂ ಇಲ್ಲ. ನಡುಕ ಶುರುವಾಗುವ ವೇಗ ಸಿಕ್ಕರೆ ಸಾಕು.

ಟೈರ್ ಬಿಸಿಯಾಗುವ ತನಕ, ಅಂದರೆ 15–20 ಕಿಲೋಮೀಟರ್ ಓಡಿಸಿ. ಕಾರು ವಾರಗಟ್ಟಲೆ ನಿಂತಿದ್ದರೆ ನೆಲಕ್ಕೆ ತಾಗಿದ ಕಡೆ ಟೈರ್ ಚಪ್ಪಟೆಯಾಗಿರುತ್ತದೆ. ಹೊರಟ ಹೊಸತರಲ್ಲಿ ನಡುಗಿ ಆಮೇಲೆ ತಾನಾಗಿ ಸರಿಹೋದರೆ ಅದು ಇದೇ. ಯೋಚನೆ ಬೇಡ.

ಈಗ ಒಂದೊಂದಾಗಿ ಗಮನಿಸಿ.

ನಡುಕ ಕೈಗೆ ಬರುತ್ತಿದೆಯೇ, ಸೀಟಿಗೆ ಬರುತ್ತಿದೆಯೇ? ಕೈಗೆ ಬಂದರೆ ಮುಂದಿನ ಚಕ್ರಗಳ ಕಡೆ. ಸ್ಟೀರಿಂಗ್ ಸುಮ್ಮನಿದ್ದು ಸೀಟು, ನೆಲ ಅದುರಿದರೆ ಹಿಂದಿನ ಚಕ್ರಗಳ ಕಡೆ. ಎಂಜಿನ್ ಮುಂದೆ ಇದ್ದು ಹಿಂದಿನ ಚಕ್ರ ಎಳೆಯುವ ಗಾಡಿಯಾದರೆ ಎಂಜಿನ್ ಬಲವನ್ನು ಹಿಂದಕ್ಕೆ ಒಯ್ಯುವ ಉದ್ದದ ಪ್ರೊಪೆಲ್ಲರ್ ಶಾಫ್ಟ್ ಮೇಲೂ ಅನುಮಾನ ಇಡಬೇಕು. ಇದು ನೂರಕ್ಕೆ ನೂರು ಸರಿ ಎಂದು ಹೇಳಲಾರೆ, ಆದರೆ ಹುಡುಕಲು ಶುರು ಮಾಡುವುದಕ್ಕೆ ಒಳ್ಳೆಯ ಜಾಗ.

ಒಂದೇ ವೇಗ ಹಿಡಿದು ಹೋಗುವಾಗ ಇದೆಯೇ? ಆಕ್ಸಿಲರೇಟರ್ ಒತ್ತಿದರೂ ಬಿಟ್ಟರೂ ವ್ಯತ್ಯಾಸ ಆಗುವುದಿಲ್ಲವೇ? ಹಾಗಿದ್ದರೆ ಟೈರ್, ರಿಮ್, ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮ ಇರುವ ಹಾಗೆ ಮಾಡುವುದು). ಹತ್ತರಲ್ಲಿ ಬಹುಪಾಲು ಕಾರುಗಳ ಕಥೆ ಇಲ್ಲೇ ಮುಗಿಯುತ್ತದೆ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಂದು, ಕಾಲೆತ್ತಿದ ಕೂಡಲೇ ಹೋಗುತ್ತದೆಯೇ? ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಅಥವಾ ಎಂಜಿನ್ನನ್ನು ಹಿಡಿದಿಡುವ ಮೌಂಟ್ ಕಡೆ ನೋಡಿ.

ಬ್ರೇಕ್ ತುಳಿದಾಗ ಮಾತ್ರ ಬರುತ್ತದೆಯೇ? ಬ್ರೇಕ್ ಡಿಸ್ಕ್. ಇದನ್ನು ತಿಳಿಯಲು ಹಿಂದೆ ವಾಹನ ಇಲ್ಲದಾಗ 90ರಿಂದ 50ಕ್ಕೆ ನಯವಾಗಿ ಬ್ರೇಕ್ ಹಾಕಿ ನೋಡಿ. ಹಠಾತ್ ಬ್ರೇಕ್ ಹಾಕಿದರೆ ಎಬಿಎಸ್ ಕೆಲಸ ಮಾಡಿ ಪೆಡಲ್ ಪಟಪಟ ಒದೆಯುತ್ತದೆ. ಅದನ್ನು ದೋಷ ಎಂದುಕೊಳ್ಳಬೇಡಿ.

ಕೊನೆಯದು, ನಡುಕ ವೇಗಕ್ಕೆ ಅಂಟಿಕೊಂಡಿದೆಯೇ, ಎಂಜಿನ್ ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಅಂಟಿಕೊಂಡಿದೆಯೇ? 90ರಲ್ಲಿ ಐದನೇ ಗೇರಿನಲ್ಲಿ ಹೋಗುವಾಗ ನಡುಗಿದರೆ ಅದೇ 90ರಲ್ಲಿ ನಾಲ್ಕಕ್ಕೆ ಇಳಿಸಿ. ನಡುಕ ಬದಲಾಗದಿದ್ದರೆ ಎಂಜಿನ್ ಕಾರಣ ಅಲ್ಲ. ಗೇರ್ ಇಳಿಸಿದಾಗ ನಡುಕದ ರೀತಿಯೇ ಬದಲಾದರೆ, ಕಾರು ನಿಂತಿರುವಾಗ ನ್ಯೂಟ್ರಲ್‌ನಲ್ಲಿ ಅಷ್ಟೇ ಆರ್‌ಪಿಎಂ ಕೊಟ್ಟು ನೋಡಿ. ಅಲ್ಲೂ ಅದುರಿದರೆ ಚಕ್ರ ಬಿಟ್ಟು ಎಂಜಿನ್ ಕಡೆ ಹೋಗಬೇಕು. ಆಟೋಮ್ಯಾಟಿಕ್ ಇದ್ದವರು ಕಾಲೆತ್ತಿ ನೋಡಿದರೆ ಸಾಕು, ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಬೇಡಿ. ಓಡುವಾಗ ಎಂಜಿನ್ ಆಫ್ ಮಾಡುವುದಂತೂ ಯಾವ ಕಾರಿನಲ್ಲೂ ಬೇಡವೇ ಬೇಡ. ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿನ ಸಹಾಯ ನಿಲ್ಲುತ್ತದೆ.

ಹಂತ 2: ತೊಳೆಯಿರಿ, ಆಮೇಲೆ ಕೈಯಾಡಿಸಿ

ಈಗ ನನ್ನ ಕಾರಿನ ಕಥೆ. ಮಳೆಗಾಲದಲ್ಲಿ ಕೆಸರು ದಾರಿಯಲ್ಲಿ ಹೋಗಿ ಬಂದಿದ್ದೆ. ಮನೆಯಲ್ಲಿ ಹೊರಗಿನಿಂದ ತೊಳೆದೆ, ಚಕ್ರ ಫಳಫಳ ಹೊಳೆಯುತ್ತಿತ್ತು. ಟೈ ರಾಡ್ ಬದಲಾಗಿ, ದುಡ್ಡು ಖರ್ಚಾಗಿ, ಇನ್ನೂ ನಡುಗುತ್ತಿದ್ದಾಗ ಒಂದು ಭಾನುವಾರ ನಾನೇ ಎಡ ಮುಂದಿನ ಚಕ್ರ ಬಿಚ್ಚಿದೆ. ನೆಲದ ಮೇಲೆ ಮಲಗಿಸಿ ಒಳಬದಿ ನೋಡಿದರೆ, ರಿಮ್ಮಿನ ಒಳಸುತ್ತಿನಲ್ಲಿ ಒಂದು ಗೇಣು ಉದ್ದಕ್ಕೆ ಕೆಸರು ಕಲ್ಲಿನ ಹಾಗೆ ಒಣಗಿ ಕೂತಿತ್ತು. ಬಣ್ಣವೂ ಬ್ರೇಕ್ ಧೂಳಿನಿಂದ ಕಪ್ಪಾಗಿ ರಿಮ್ಮಿನ ಭಾಗವೇ ಎನ್ನುವ ಹಾಗಿತ್ತು. ಸ್ಕ್ರೂಡ್ರೈವರ್ ಮೊನೆ ಹಾಕಿ ಒತ್ತಿದಾಗ ಒಂದೇ ತುಂಡಾಗಿ ಎದ್ದು ಬಂತು. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದೆ, 70 ಗ್ರಾಂ ಮೇಲಿತ್ತು. ತೆಗೆದು ತೊಳೆದು ಚಕ್ರ ಹಾಕಿ 100ರಲ್ಲಿ ಓಡಿಸಿದೆ. ಸ್ಟೀರಿಂಗ್ ಕಲ್ಲಿನ ಹಾಗೆ ನಿಂತಿತ್ತು.

ಅದಕ್ಕೇ ಹೇಳುತ್ತೇನೆ, ನಾಲ್ಕೂ ರಿಮ್‌ಗಳ ಒಳಬದಿ ತೊಳೆಯುವುದೇ ಮೊದಲ ಕೆಲಸ. ಚಕ್ರ ಬಿಚ್ಚದೆಯೂ ಕಡ್ಡಿಗಳ ಸಂದಿಯಿಂದ ಟಾರ್ಚ್ ಹಾಕಿ ನೋಡಬಹುದು. ಜೊತೆಗೆ ಬ್ಯಾಲೆನ್ಸಿಂಗ್ ತೂಕ ಬಿದ್ದುಹೋಗಿದೆಯೇ ನೋಡಿ. ಅಂಟಿಸಿದ ತೂಕ ಕಳಚಿದ ಜಾಗದಲ್ಲಿ ಚೌಕಾಕಾರದ ಅಂಟಿನ ಗುರುತು ಉಳಿದಿರುತ್ತದೆ, ಸುತ್ತಲಿನ ಧೂಳಿಗಿಂತ ಬೆಳ್ಳಗೆ ಕಾಣುತ್ತದೆ. ಆ ಗುರುತು ಸಿಕ್ಕರೆ ನಿಮ್ಮ ಉತ್ತರ ಸಿಕ್ಕ ಹಾಗೆಯೇ.

ಆಮೇಲೆ ಟೈರ್. ದಪ್ಪ ಕೈಗವಸು ಹಾಕಿಕೊಳ್ಳಿ. ಸವೆದ ಟೈರಿನಿಂದ ಒಳಗಿನ ಉಕ್ಕಿನ ತಂತಿ ಹೊರಗೆ ಬಂದಿದ್ದರೆ ಕೈ ಕೊಯ್ದುಬಿಡುತ್ತದೆ. ಟೈರಿನ ಮೇಲ್ಮೈ ಮೇಲೆ ಅಂಗೈ ಇಟ್ಟು ನಿಧಾನವಾಗಿ ಸುತ್ತಲೂ ಸವರಿ. ಒಂದು ದಿಕ್ಕಿಗೆ ಸವರಿದಾಗ ನಯ, ಎದುರು ದಿಕ್ಕಿಗೆ ಸವರಿದಾಗ ಗರಗಸದ ಹಲ್ಲಿನ ಹಾಗೆ ಸಿಕ್ಕಿಕೊಂಡರೆ ಅಲೈನ್‌ಮೆಂಟ್ ತಪ್ಪಿ ಸವೆದಿದೆ ಎಂದರ್ಥ. ಅಲ್ಲಲ್ಲಿ ಬಟ್ಟಲಿನ ಹಾಗೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿರಬಹುದು, ಚಕ್ರ ನೆಲದ ಮೇಲೆ ಕುಣಿಯುತ್ತಾ ಹೋಗಿದೆ. ಪಕ್ಕದ ಗೋಡೆಯಲ್ಲಾಗಲಿ ಮೇಲ್ಮೈಯಲ್ಲಾಗಲಿ ಉಬ್ಬು ಸಿಕ್ಕರೆ ಆ ಟೈರಿನ ಆಯಸ್ಸು ಮುಗಿದಿದೆ. ಅದಕ್ಕೆ ರಿಪೇರಿ ಇಲ್ಲ. ಅದರ ಮೇಲೆ ಹೆದ್ದಾರಿಗೆ ಹೋಗಬೇಡಿ.

ಒಳಪದರ ಬಿಟ್ಟ ಟೈರಿಗೆ ಇನ್ನೊಂದು ಗುರುತಿದೆ. 20–40ರ ನಿಧಾನ ವೇಗದಲ್ಲೇ ಸ್ಟೀರಿಂಗ್ ಎಡಬಲಕ್ಕೆ ಮೆಲ್ಲಗೆ ಓಲಾಡುತ್ತದೆ, ಕಾರು ಕುಂಟಿದ ಹಾಗೆ ಅನಿಸುತ್ತದೆ. ಬ್ಯಾಲೆನ್ಸಿಂಗ್ ತೊಂದರೆ ಅಷ್ಟು ನಿಧಾನದಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ನಿಧಾನದಲ್ಲಿ ಓಲಾಟ, ವೇಗದಲ್ಲಿ ನಡುಕ, ಎರಡೂ ಇದ್ದರೆ ಟೈರನ್ನೋ ರಿಮ್ಮನ್ನೋ ಅನುಮಾನಿಸಿ.

ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿ ಹಲ್ಲು ಚೆನ್ನಾಗಿ ಉಳಿದಿದ್ದರೂ ಹಳೆಯ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಪಂಕ್ಚರ್ ಆದಾಗ ಟೈರಿನೊಳಗೆ ಸೀಲಂಟ್ ದ್ರವ ಸುರಿಸಿದ್ದು ನೆನಪಿದೆಯೇ? ಅದು ಒಂದು ಕಡೆ ನಿಂತು ತೂಕ ತಪ್ಪಿಸುತ್ತದೆ. ಅದು ಒಳಗಿರುವಾಗ ಎಷ್ಟು ಸಲ ಬ್ಯಾಲೆನ್ಸ್ ಮಾಡಿದರೂ ಲೆಕ್ಕ ಕೂಡುವುದಿಲ್ಲ. ಟೈರ್ ಬಿಚ್ಚಿ ಒರೆಸಿ ತೆಗೆಸಬೇಕು.

ಹಂತ 3: ಚಕ್ರ ಎತ್ತಿ ತಿರುಗಿಸಿ ನೋಡಿ

ಸಮತಟ್ಟಾದ ಗಟ್ಟಿ ನೆಲ ಇರಲಿ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಇಡಿ. ಜಾಕ್ ಹಾಕಿ ಎತ್ತಿದ ಮೇಲೆ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ, ಒಂದು ನಿಮಿಷದ ಕೆಲಸಕ್ಕೂ ಬೇಡ.

ಗೇರ್ ನ್ಯೂಟ್ರಲ್ ಮಾಡಿ. ಪೆನ್ಸಿಲನ್ನು ಒಂದು ಇಟ್ಟಿಗೆಗೆ ಕಟ್ಟಿ ಅದರ ತುದಿ ರಿಮ್ಮಿನ ಅಂಚಿಗೆ ತಾಗಿಯೂ ತಾಗದ ಹಾಗೆ ಇಡಿ. ಈಗ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿ. ಪೆನ್ಸಿಲ್ ತುದಿ ಮತ್ತು ರಿಮ್ ನಡುವಿನ ಸಂದಿ ಒಂದೇ ಸಮ ಇರಬೇಕು. ಸಂದಿ ಹಿಗ್ಗುತ್ತಾ ಕುಗ್ಗುತ್ತಾ ಇದ್ದು, ವ್ಯತ್ಯಾಸ 1 ಮಿ.ಮೀ. ದಾಟಿದರೆ ರಿಮ್ ಬಾಗಿದೆ ಎಂದು ಅನುಮಾನಿಸಿ. ಮೇಲೆ ಕೆಳಗಿನ ಓಲಾಟ, ಪಕ್ಕದ ಓಲಾಟ ಎರಡನ್ನೂ ನೋಡಿ. ಆಮೇಲೆ ಅದೇ ರೀತಿ ಟೈರಿಗೂ ಮಾಡಿ. ದೊಡ್ಡ ಗುಂಡಿಗೆ ಬಿದ್ದ ಮರುದಿನದಿಂದ ನಡುಕ ಶುರುವಾಗಿದ್ದರೆ ಈ ಪರೀಕ್ಷೆ ಬಿಡಲೇಬೇಡಿ. ರಿಮ್ಮಿನ ಒಳ ಅಂಚು ಬಾಗಿದ್ದು ಹೊರಗಿನಿಂದ ಎಷ್ಟೋ ಸಲ ಕಾಣುವುದೇ ಇಲ್ಲ.

ಬಾಗಿದ ರಿಮ್ಮಿಗೆ ತೂಕ ಅಂಟಿಸಿ ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ಸೊನ್ನೆ ತೋರಿಸಬಹುದು. ಆದರೆ ರಸ್ತೆಯಲ್ಲಿ ಅದು ಮೊಟ್ಟೆಯಾಕಾರದಲ್ಲಿ ಉರುಳುತ್ತಲೇ ಇರುತ್ತದೆ, ನಡುಕ ಹೋಗುವುದಿಲ್ಲ. ಬ್ಯಾಲೆನ್ಸಿಂಗ್ ತೂಕವನ್ನು ಸರಿ ಮಾಡುತ್ತದೆ, ಆಕಾರವನ್ನಲ್ಲ.

ಚಕ್ರ ಮೇಲಿರುವಾಗಲೇ ಅಲ್ಲಾಡಿಸಿ ನೋಡಿ. ಗಡಿಯಾರದ 12 ಮತ್ತು 6ರ ಜಾಗ ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಕಟಕ್ ಎಂದರೆ ವೀಲ್ ಬೇರಿಂಗ್ ಅಥವಾ ಬಾಲ್ ಜಾಯಿಂಟ್. 9 ಮತ್ತು 3 ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ (ಸಡಿಲ ಅಲುಗಾಟ) ಸಿಕ್ಕರೆ ಟೈ ರಾಡ್ ಎಂಡ್. ಎರಡೂ ಕಡೆ ಆಟ ಸಿಕ್ಕರೆ ಬೇರಿಂಗ್ ಮೇಲೆ ಅನುಮಾನ ಜಾಸ್ತಿ. ಒಬ್ಬರು ಬ್ರೇಕ್ ಒತ್ತಿ ಹಿಡಿದಾಗ ಆ ಆಟ ನಿಂತರೆ ಬೇರಿಂಗೇ. ನಿಲ್ಲದಿದ್ದರೆ ಜಾಯಿಂಟ್. ಬೇರಿಂಗ್ ಸೋತಿದ್ದರೆ ಓಡಿಸುವಾಗ ಗುಂಯ್ ಎನ್ನುವ ಸದ್ದೂ ಇರುತ್ತದೆ. ಎಡಕ್ಕೆ ತಿರುಗಿಸಿದಾಗ ಆ ಸದ್ದು ಏರಿದರೆ ಸಾಮಾನ್ಯವಾಗಿ ಬಲಗಡೆಯದು, ಏಕೆಂದರೆ ಆಗ ಭಾರ ಬಲಕ್ಕೆ ವಾಲುತ್ತದೆ.

ಇಲ್ಲೊಂದು ಮಾತು. ಸವೆದ ಟೈ ರಾಡ್, ಹರಿದ ರಬ್ಬರ್ ಬುಶ್ ಇವು ತಾವಾಗಿ ನಡುಕ ಹುಟ್ಟಿಸುವುದು ಕಡಿಮೆ. ಚಕ್ರದಲ್ಲಿ ಹುಟ್ಟಿದ ಸಣ್ಣ ನಡುಕವನ್ನು ತಡೆಯಲಾರದೆ ದೊಡ್ಡದು ಮಾಡಿ ಸ್ಟೀರಿಂಗಿಗೆ ಮುಟ್ಟಿಸುತ್ತವೆ. ಅವನ್ನು ಬದಲಿಸುವುದು ಸುರಕ್ಷತೆಗೆ ಬೇಕೇ ಬೇಕು. ಆದರೆ ಮೂಲ ಇನ್ನೂ ಚಕ್ರದಲ್ಲೇ ಇರಬಹುದು ಎಂಬುದನ್ನು ಮರೆಯಬೇಡಿ.

ಹಂತ 4: ಮುಂದಿನದು ಹಿಂದಕ್ಕೆ, ಹಿಂದಿನದು ಮುಂದಕ್ಕೆ

ಖರ್ಚಿಲ್ಲದ ಪರೀಕ್ಷೆಗಳಲ್ಲಿ ನನಗೆ ಎಲ್ಲಕ್ಕಿಂತ ನಂಬಿಕೆ ಇರುವುದು ಇದರ ಮೇಲೆ. ಮುಂದಿನ ಎರಡೂ ಚಕ್ರಗಳನ್ನು ಅದೇ ಬದಿಯ ಹಿಂದಿನ ಚಕ್ರಗಳ ಜೊತೆ ಅದಲು ಬದಲು ಮಾಡಿ. ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ನಡುಕ ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ, ಅಥವಾ ಪೂರ್ತಿ ಹೋದರೆ, ತೊಂದರೆ ಆ ಚಕ್ರಗಳಲ್ಲೇ ಇದೆ. ಏನೂ ಬದಲಾಗದಿದ್ದರೆ ಚಕ್ರ ಬಿಟ್ಟು ಹಬ್ (ಚಕ್ರವನ್ನು ಕೂರಿಸಿ ನಟ್ ಬಿಗಿಯುವ ಭಾಗ), ಡಿಸ್ಕ್, ಶಾಫ್ಟ್ ಕಡೆ ನೋಡಬೇಕು. ಯಾವುದು ಎಲ್ಲಿಂದ ಬಂತು ಎಂದು ಟೈರಿನ ಒಳಬದಿ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳಿ, ಎರಡನೇ ಸಲ ಬದಲಾಯಿಸುವಾಗ ಗೊಂದಲ ಆಗುವುದಿಲ್ಲ.

ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣ ಇದ್ದರೆ ಬದಿ ಬದಲಿಸಬೇಡಿ. ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರ್ ಇರುವ ಕಾರಿನಲ್ಲಿ ಈ ಪರೀಕ್ಷೆ ಆಗುವುದಿಲ್ಲ.

ಚಕ್ರ ಹಾಕುವ ರೀತಿಯೇ ಒಂದು ಕಾರಣ ಆಗಬಹುದು, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ. ಹಬ್ ಮೇಲಿನ ತುಕ್ಕು, ಮಣ್ಣನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನಡುವೆ ಒಂದು ಚೂರು ತುಕ್ಕಿನ ಪದರ ಸಿಕ್ಕಿಕೊಂಡರೂ ಚಕ್ರ ಸೊಟ್ಟ ಕೂರುತ್ತದೆ. ಚಕ್ರ ಗಾಳಿಯಲ್ಲಿರುವಾಗಲೇ ನಟ್‌ಗಳನ್ನು ಕೈಯಿಂದ, ಎದುರು ಬದುರು ಬರುವ ಹಾಗೆ ನಕ್ಷತ್ರದ ಕ್ರಮದಲ್ಲಿ ಬಿಗಿ ಮಾಡಿ. ಕಾರು ಇಳಿಸಿದ ಮೇಲೆ ಬಿಗಿಯ ಅಳತೆ ಹೇಳುವ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿ ಕೊಡಿ. ಎಷ್ಟು ಎಂಬುದು ಕಾರಿನ ಕೈಪಿಡಿಯಲ್ಲಿ ಇರುತ್ತದೆ, ಬಹಳಷ್ಟು ಕಾರುಗಳಿಗೆ 90ರಿಂದ 120 ನ್ಯೂಟನ್ ಮೀಟರ್ ನಡುವೆ. ಗಾಳಿ ಗನ್ ಹಿಡಿದು ಒಂದಾದ ಮೇಲೊಂದು ಟರ್ ಎಂದು ಬಿಗಿದುಬಿಟ್ಟರೆ ಒಂದು ನಟ್ ಅತಿ ಬಿಗಿ, ಇನ್ನೊಂದು ಸಡಿಲ ಆಗುತ್ತದೆ. ಅದರಿಂದ ಚಕ್ರ ಮಾತ್ರ ಅಲ್ಲ, ಹಿಂದಿರುವ ಡಿಸ್ಕ್ ಕೂಡ ಸೊಟ್ಟಗೆ ಕೂರುತ್ತದೆ.

ಹಂತ 5: ಬ್ಯಾಲೆನ್ಸಿಂಗ್ ಮಾಡುವಾಗ ಪಕ್ಕದಲ್ಲೇ ನಿಂತು ನೋಡಿ

"ಬ್ಯಾಲೆನ್ಸಿಂಗ್ ಆಗಿದೆ, ಆದರೂ ನಡುಗುತ್ತೆ" ಎನ್ನುವವರು ತುಂಬಾ ಜನ. ಬ್ಯಾಲೆನ್ಸಿಂಗ್ ಆಗಿದೆಯೇ ಎನ್ನುವುದಕ್ಕಿಂತ ಹೇಗೆ ಆಗಿದೆ ಎನ್ನುವುದು ಮುಖ್ಯ.

ರಿಮ್ ತೊಳೆದು, ಹಳೆಯ ತೂಕಗಳನ್ನೆಲ್ಲ ಕಿತ್ತು, ಟೈರಿನ ಹಲ್ಲಿಗೆ ಸಿಕ್ಕ ಕಲ್ಲು ತೆಗೆದು ಶುರು ಮಾಡಬೇಕು. ಹಳೆಯದರ ಮೇಲೆ ಹೊಸದು ಅಂಟಿಸುತ್ತಾ ಹೋಗುವುದು ಕೆಲಸ ಅಲ್ಲ. ತೂಕ ಅಂಟಿಸುವ ಜಾಗವನ್ನು ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಮುಂದಿನ ಮಳೆಗೆ ಬಿದ್ದು ಹೋಗುತ್ತದೆ. ಒಳ ಅಂಚು, ಹೊರ ಅಂಚು ಎರಡಕ್ಕೂ ಮೆಷಿನ್ ಸೊನ್ನೆ ತೋರಿಸಬೇಕು.

ಸೊನ್ನೆ ಬಂದ ಮೇಲೆ ಒಂದು ವಿನಂತಿ ಮಾಡಿ. ಮೆಷಿನ್ನಿನಲ್ಲಿ ಚಕ್ರ ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಇನ್ನೊಮ್ಮೆ ತಿರುಗಿಸಲು ಹೇಳಿ. ಈಗಲೂ ಸೊನ್ನೆ ಅಥವಾ 5 ಗ್ರಾಂ ಬಂದರೆ ಕೆಲಸ ಸರಿಯಾಗಿದೆ. 15, 20 ಗ್ರಾಂ ಎಂದು ತೋರಿಸಿದರೆ ಚಕ್ರ ಮೆಷಿನ್ನಿನ ನಡುವೆ ಸರಿಯಾಗಿ ಕೂತಿರಲಿಲ್ಲ, ಮೊದಲು ತೋರಿಸಿದ ಸೊನ್ನೆ ಸುಳ್ಳು. ಎರಡು ನಿಮಿಷದ ಈ ಪರೀಕ್ಷೆ ಎಷ್ಟೋ ಸಲ ಎರಡನೇ ಓಡಾಟ ತಪ್ಪಿಸಿದೆ.

ಒಂದೇ ಚಕ್ರ ತುಂಬಾ ತೂಕ ಕೇಳಿದರೆ, ಒಂದು ಬದಿಗೇ 80, 100 ಗ್ರಾಂ ಎಂದರೆ, ಸುಮ್ಮನೆ ಅಂಟಿಸಿಕೊಂಡು ಬರಬೇಡಿ. ಗಾಳಿ ತೆಗೆದು ಟೈರನ್ನು ರಿಮ್ ಮೇಲೆ ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಲು ಹೇಳಿ. ಟೈರಿನ ಭಾರದ ಕಡೆಯೂ ರಿಮ್ಮಿನ ಭಾರದ ಕಡೆಯೂ ಒಟ್ಟಿಗೆ ಕೂತಿರಬಹುದು. ಹೊಸ ಟೈರಿನ ಪಕ್ಕದಲ್ಲಿ ಹಳದಿ ಚುಕ್ಕೆ ಇದ್ದರೆ ಅದು ಹಗುರ ಭಾಗದ ಗುರುತು. ಅದನ್ನು ಗಾಳಿ ವಾಲ್ವಿನ ಪಕ್ಕಕ್ಕೇ ಬರುವ ಹಾಗೆ ಕೂರಿಸುವುದು ವಾಡಿಕೆ, ವಾಲ್ವ್ ಇರುವ ಕಡೆ ಸ್ವಲ್ಪ ತೂಕ ಹೆಚ್ಚು ಎಂಬ ಲೆಕ್ಕದಲ್ಲಿ.

ಹೊರಗಿನಿಂದ ಕೊಂಡ ಅಲಾಯ್ ಚಕ್ರ ಹಾಕಿದವರು ಇದನ್ನು ಗಮನವಿಟ್ಟು ಓದಿ. ಇಂಥ ಚಕ್ರಗಳ ನಡುವಿನ ರಂಧ್ರ ಹಲವು ಕಾರುಗಳಿಗೆ ಆಗಲಿ ಎಂದು ದೊಡ್ಡದಾಗಿರುತ್ತದೆ. ನಿಮ್ಮ ಕಾರಿನ ಹಬ್ ಅದಕ್ಕಿಂತ ಚಿಕ್ಕದು. ನಡುವಿನ ಸಂದಿಗೆ ಸರಿಯಾದ ಅಳತೆಯ ಬಳೆ ಹಾಕದಿದ್ದರೆ ಚಕ್ರ ಒಂದು ಬದಿಗೆ ಸರಿದು ಕೂರುತ್ತದೆ. ಲೆಕ್ಕ ಹಾಕಿ ನೋಡಿ. ಟೈರ್ ಸೇರಿ ಚಕ್ರ 16 ಕೆ.ಜಿ. ಎಂದುಕೊಂಡರೆ, ಅರ್ಧ ಮಿ.ಮೀ. ಸರಿದರೂ ರಿಮ್ಮಿನ ಅಂಚಿಗೆ 40 ಗ್ರಾಂಗಿಂತ ಜಾಸ್ತಿ ತೂಕ ಕಟ್ಟಿದ ಹಾಗಾಗುತ್ತದೆ. ಮೆಷಿನ್ನಿನಲ್ಲಿ ಚಕ್ರವನ್ನು ಕೋನ್ ಹಾಕಿ ನಡುವಿಗೆ ಸರಿಯಾಗಿ ಕೂರಿಸುತ್ತಾರೆ, ಅಲ್ಲಿ ಈ ತಪ್ಪು ಕಾಣುವುದೇ ಇಲ್ಲ. ಕಾರಿಗೆ ಹಾಕಿದಾಗ ಮಾತ್ರ ನಡುಕ. ಹೀಗೆ ತಿಂಗಳುಗಟ್ಟಲೆ ಅಲೆದವರನ್ನು ಕಂಡಿದ್ದೇನೆ. ಬೇಕಾಗಿದ್ದದ್ದು ನಾಲ್ಕು ಬಳೆಗಳು.

ಅಲೈನ್‌ಮೆಂಟ್ ಬಗ್ಗೆ

ನಡುಕ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಅಲೈನ್‌ಮೆಂಟ್. ಆದರೆ ಅಲೈನ್‌ಮೆಂಟ್ ಎಂದರೆ ಚಕ್ರಗಳು ನಿಂತಿರುವ ಕೋನ. ಅದು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ನೇರ ಹೋಗುವಾಗ ಸ್ಟೀರಿಂಗ್ ಸೊಟ್ಟಗೆ ನಿಲ್ಲುತ್ತದೆ, ಟೈರ್ ಒಂದು ಅಂಚಿನಲ್ಲಿ ಸವೆಯುತ್ತದೆ. ಸೆಕೆಂಡಿಗೆ 14 ಸಲ ಅದುರಬೇಕಾದರೆ ಸೆಕೆಂಡಿಗೆ 14 ಸಲ ತಿರುಗುವ ಯಾವುದೋ ಒಂದು ಸರಿ ಇರಬಾರದು. ಕೋನ ತಿರುಗುವುದಿಲ್ಲ, ಚಕ್ರ ತಿರುಗುತ್ತದೆ. ತಪ್ಪಿದ ಅಲೈನ್‌ಮೆಂಟ್ ಬಹಳ ದಿನದಲ್ಲಿ ಟೈರನ್ನು ಅಂಕುಡೊಂಕು ಸವೆಸಿ, ಆ ಟೈರು ನಡುಗಬಹುದು. ಅಷ್ಟರಲ್ಲಿ ಅಲೈನ್‌ಮೆಂಟ್ ಸರಿ ಮಾಡಿದರೂ ಟೈರು ಸರಿಹೋಗುವುದಿಲ್ಲ.

ಬ್ರೇಕ್ ಹಾಕಿದಾಗ ಮಾತ್ರ ನಡುಗಿದರೆ

ಸಾಮಾನ್ಯವಾಗಿ "ಡಿಸ್ಕ್ ಬೆಂಡ್ ಆಗಿದೆ" ಎನ್ನುತ್ತಾರೆ. ನಿಜವಾಗಿ ಡಿಸ್ಕ್ ಬಾಗುವುದಕ್ಕಿಂತ ಅದರ ದಪ್ಪ ಸುತ್ತಲೂ ಒಂದೇ ಸಮ ಇಲ್ಲದಿರುವುದೇ ಹೆಚ್ಚು. ಮಿಲಿಮೀಟರಿನ ನೂರನೇ ಭಾಗದಲ್ಲಿ ಎರಡು ಮೂರು ಭಾಗ ವ್ಯತ್ಯಾಸ ಇದ್ದರೂ ಬ್ರೇಕ್ ಪ್ಯಾಡ್ ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಹಿಡಿದು ಸ್ಟೀರಿಂಗ್ ಅದುರುತ್ತದೆ. ಕಣ್ಣಿಗೆ ಇದು ಕಾಣುವುದಿಲ್ಲ, ಡಯಲ್ ಗೇಜ್ ಮತ್ತು ಮೈಕ್ರೋಮೀಟರ್ ಇಟ್ಟು ಅಳೆಯಬೇಕು. ಸ್ಟೀರಿಂಗ್ ಅದುರಿದರೆ ಮುಂದಿನ ಡಿಸ್ಕ್. ಪೆಡಲ್ ಮತ್ತು ಸೀಟು ಮಾತ್ರ ಅದುರಿದರೆ ಹಿಂದಿನ ಡಿಸ್ಕ್ ಅಥವಾ ಡ್ರಮ್.

ಘಾಟಿ ಇಳಿದು ಬ್ರೇಕ್ ಕಾದು ಕೆಂಡವಾಗಿರುವಾಗ ಪೆಡಲ್ ಒತ್ತಿ ಹಿಡಿದು ನಿಂತರೆ, ಪ್ಯಾಡಿನ ವಸ್ತು ಡಿಸ್ಕ್ ಮೇಲೆ ಒಂದೇ ಜಾಗದಲ್ಲಿ ಅಂಟಿಕೊಳ್ಳುತ್ತದೆ. ಅಂಥ ಕಡೆ ನಿಲ್ಲಿಸಬೇಕಾದರೆ ಕೊನೆಯ ಸ್ವಲ್ಪ ದೂರ ಬ್ರೇಕ್ ಕಡಿಮೆ ಬಳಸಿ ಓಡಿಸಿ, ಗಾಳಿ ತಾಗಲಿ.

ಹೊಸ ಡಿಸ್ಕ್ ಹಾಕಿಸುವುದಾದರೆ ಹಬ್ಬಿನ ಮುಖ ಉಜ್ಜಿ ಹೊಳಪು ಬರಿಸಿದ ಮೇಲೆಯೇ ಕೂರಿಸಲು ಹೇಳಿ. ತುಕ್ಕಿನ ಮೇಲೆ ಕೂರಿಸಿದ ಹೊಸ ಡಿಸ್ಕ್ ಮೊದಲ ದಿನ ಚೆನ್ನಾಗಿಯೇ ಇರುತ್ತದೆ. ಕೆಲವು ಸಾವಿರ ಕಿಲೋಮೀಟರ್ ಓಡುವಷ್ಟರಲ್ಲಿ ಪ್ಯಾಡಿಗೆ ಒಂದೇ ಜಾಗದಲ್ಲಿ ಸವರಿ ಸವರಿ ದಪ್ಪ ತಪ್ಪುತ್ತದೆ. ಆಗ ಎಲ್ಲರೂ ಡಿಸ್ಕನ್ನೇ ಬೈಯುತ್ತಾರೆ.

ಬ್ರೇಕ್ ಹಾಕದೆಯೂ ನಡುಕ ಬಂದು, ದೂರ ಓಡಿದಷ್ಟೂ ಜಾಸ್ತಿಯಾಗುತ್ತಿದ್ದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಗಿದುಕೊಂಡಿರಬಹುದು. ನಿಲ್ಲಿಸಿ ಚಕ್ರಗಳ ಹತ್ತಿರ ಅಂಗೈ ಒಡ್ಡಿ ನೋಡಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಝಳ ಹೊಡೆಯುತ್ತಿದ್ದರೆ, ಸುಟ್ಟ ವಾಸನೆ ಇದ್ದರೆ, ಅದೇ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ನಡುಗಿದರೆ

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಡ್ರೈವ್ ಶಾಫ್ಟಿನ ಎರಡೂ ತುದಿಗೆ ಜಾಯಿಂಟ್ ಇರುತ್ತದೆ. ಹೊರಗಿನದು ಸೋತರೆ ಪೂರ್ತಿ ತಿರುಗಿಸುವಾಗ ಕಟಕಟ ಸದ್ದು. ಒಳಗಿನದು ಸೋತರೆ ಸದ್ದಿಲ್ಲದೆ, ಎಳೆತ ಬಿದ್ದಾಗ ಕಾರಿನ ಮೂತಿಯೇ ಎಡಬಲಕ್ಕೆ ನಡುಗುತ್ತದೆ. ಏರಿನಲ್ಲಿ, ಭಾರ ಹೇರಿದಾಗ ಇನ್ನೂ ಜಾಸ್ತಿ. ಚಕ್ರದ ಹಿಂದೆ ನೋಡಿದರೆ ರಬ್ಬರಿನ ಮಡಿಕೆ ಚೀಲ ಕಾಣುತ್ತದೆ. ಅದು ಹರಿದು ಸುತ್ತಲೂ ಕಪ್ಪು ಗ್ರೀಸ್ ಎರಚಿದ್ದರೆ ಒಳಗೆ ಧೂಳು ಸೇರಿ ಸವೆತ ಶುರುವಾಗಿದೆ ಎಂದು ತಿಳಿಯಿರಿ.

ಗ್ಯಾರೇಜಿಗೆ ಹೋದಾಗ

ಇಷ್ಟೆಲ್ಲ ನೀವೇ ಸರಿ ಮಾಡಬೇಕಿಲ್ಲ. ಆದರೆ ಹೋಗಿ ಹೀಗೆ ಹೇಳಿ: "85ಕ್ಕೆ ಶುರುವಾಗಿ 100ಕ್ಕೆ ಜೋರಾಗುತ್ತದೆ. ಸ್ಟೀರಿಂಗ್‌ನಲ್ಲಿ ಮಾತ್ರ. ಬ್ರೇಕ್, ಆಕ್ಸಿಲರೇಟರ್ ಯಾವುದಕ್ಕೂ ಸಂಬಂಧ ಇಲ್ಲ. ಗೇರ್ ಬದಲಿಸಿದರೂ ಅಷ್ಟೇ. ಚಕ್ರ ಹಿಂದೆ ಮುಂದೆ ಬದಲಿಸಿದಾಗ ಸೀಟಿಗೆ ಬಂತು." ಇಷ್ಟು ಕೇಳಿಸಿಕೊಂಡ ಒಳ್ಳೆಯ ಮೆಕ್ಯಾನಿಕ್ ನೇರ ಆ ಎರಡು ಚಕ್ರಗಳ ಹತ್ತಿರ ಹೋಗುತ್ತಾರೆ. ಸಾಧ್ಯವಾದರೆ ಅವರನ್ನೇ ಕೂರಿಸಿಕೊಂಡು ಅದೇ ವೇಗದಲ್ಲಿ ಒಂದು ಸುತ್ತು ಹೋಗಿ ಬನ್ನಿ. ನಿಂತ ಕಾರಿನಲ್ಲಿ ಈ ದೋಷ ಕಾಣುವುದಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಮೂರು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ನಾಳೆ ಮತ್ತೆ ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಕೆಲಸ ಮುಗಿದ ಮೇಲೆ ಮೊದಲು ಓಡಿಸಿದ ಅದೇ ರಸ್ತೆಯಲ್ಲಿ, ಅದೇ ಗಾಳಿಯ ಒತ್ತಡ ಇಟ್ಟುಕೊಂಡು, ಅದೇ ವೇಗದಲ್ಲಿ ಓಡಿಸಿ. ಬರೆದಿಟ್ಟ ಚೀಟಿ ಜೊತೆಗಿರಲಿ. ಚಕ್ರ ಬಿಚ್ಚಿ ಹಾಕಿದ್ದರೆ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ, ಚಕ್ರ ತಣ್ಣಗಾಗಿರುವಾಗ, ನಟ್‌ಗಳ ಬಿಗಿಯನ್ನು ಟಾರ್ಕ್ ರೆಂಚಿನಿಂದ ಇನ್ನೊಮ್ಮೆ ನೋಡಿ.